ಮುಟ್ಟದ ಚಹಾ

ಮಾತುಕತೆಗೆ ಹೋದಾಗ ಬೇಡಿಕೆ ಒಪ್ಪುವತನಕ ಮಾಲೀಕರ ಚಹಾ ಮುಟ್ಟಬಾರದು. ಗಾರ್ಮೆಂಟ್ಸ್ ಹೆಂಗಸರ ಸಂಘ ಕಟ್ಟಿದ ದಿನದಿಂದ, ಎಲ್ಲರೂ ಅಕ್ಕ ಎಂದೇ ಕರೆಯುವ ಅಧ್ಯಕ್ಷೆ ನಡೆಸಿಕೊಂಡು ಬಂದ ಕಟ್ಟುಪಾಡು ಅದು.

“ಅವರ ಚಾ ಗಂಟಲಲ್ಲಿ ಇಳಿದ್ರೆ ನಮ್ಮ ಮಾತು ಮೇಲಕ್ಕೆ ಬರಲ್ಲ ಕಣೇ,” ಎಂದು ಅವರು ಸಂಘದಲ್ಲಿ ಜೊತೆಗಿದ್ದ ಕೋಮಲಾಗೆ ಎಷ್ಟು ಸಲ ಹೇಳಿದ್ದರೋ!

ಆ ಅಕ್ಕನೇ ಒಂದು ದಿನ ತುಂಬಿದ ಸಭೆಯಲ್ಲಿ ಅವಳ ಕೈಗೆ ಮೈಕು ಕೊಟ್ಟು, ಇನ್ನುಮುಂದೆ ಇವಳೇ ಅಧ್ಯಕ್ಷೆ ಎಂದುಬಿಟ್ಟರು.

“ನಾಲ್ಕು ಜನರ ಮುಂದೆ ನಂಗೆ ಮಾತೇ ಬರಲ್ಲ ಅಕ್ಕಾ.”

“ನಾನಿಲ್ಲಿ ಕೂತಿರೋತನಕ ಬರಲ್ಲ. ಅದಕ್ಕೇ ಏಳ್ತಿದೀನಿ. ಮನೇಲಿ ಮೊಮ್ಮಕ್ಕಳಿಗೆ ಜಡೆ ಹಾಕ್ಕೊಂಡು ಆರಾಮಾಗಿರ್ತೀನಿ.”

“ಅಯ್ಯೋ, ಪಾಪ ಆ ಮಕ್ಕಳು!” ಎಂದು ಹಿಂದಿನಿಂದ ಯಾರೋ ಕೂಗಿದರು. ಎಲ್ಲರೂ ನಕ್ಕರು. ಕೋಮಲಾ ಮಾತ್ರ ಕಣ್ಣೊರೆಸಿಕೊಂಡಳು.

ತಿಂಗಳು ತುಂಬುವಷ್ಟರಲ್ಲಿ ಕಾರ್ಖಾನೆಯವರು, ಶೌಚಕ್ಕೆ ಹೋಗಿ ತಡಮಾಡಿದರೆಂದು ಐದು ಜನ ಹೆಂಗಸರನ್ನು ಕೆಲಸದಿಂದ ತೆಗೆದರು. ಅವರನ್ನು ವಾಪಸು ಸೇರಿಸಿಕೊಳ್ಳಿ ಎಂದು ಕೇಳಲು ಕೋಮಲಾ ಹೋಗಬೇಕಾಯಿತು. ಧೈರ್ಯ ಸಾಲದೆ ಅಕ್ಕನಿಗೆ ಮತ್ತೆ ಮತ್ತೆ ಫೋನು ಮಾಡಿದಳು; ಅವರು ಎತ್ತಲಿಲ್ಲ. ಮೊಮ್ಮಕ್ಕಳ ಗಲಾಟೆಯಿರಬೇಕು ಅಂದುಕೊಂಡಳು.

ಮ್ಯಾನೇಜರ್ ನಗುತ್ತಲೇ ಚಹಾ ತರಿಸಿದ.

“ಚಾ ಮುಟ್ಟಲ್ಲ ಸಾರ್. ಮೊದಲು ಆ ಐವರ ಮಾತಾಗ್ಲಿ,” ಎಂದಳು ಕೋಮಲಾ. ತನ್ನ ದನಿ ನಡುಗದ್ದು ಕಂಡು ಅವಳಿಗೇ ಬೆರಗಾಯಿತು.

“ಆಗ್ಲಿ ಮೇಡಂ. ಕಾರ್ಮಿಕರ ವಿಷಯಕ್ಕೇಂತ ಹೊಸ ಸಲಹೆಗಾರರನ್ನ ಇಟ್ಕೊಂಡಿದೀವಿ. ಅವರ ಹತ್ರಾನೇ ಮಾತಾಡಿ.”

ಒಳಬಾಗಿಲು ತೆರೆಯಿತು. ಅಕ್ಕ ಬಂದು ಮ್ಯಾನೇಜರನ ಪಕ್ಕ ಕೂತು, ಲೋಟವನ್ನು ಅವಳತ್ತ ಸರಿಸಿದರು.

“ಕುಡಿಯೇ, ಆರೋಗುತ್ತೆ.”