ಎಂಟು ತುಂಬದವಳ ಜ್ಞಾನಸ್ನಾನ

ಮೊಮ್ಮಗಳ ಹಣೆಯ ಮೇಲೆ ಮೂರನೆಯ ಸಲ ನೀರು ಹನಿಸಿ ಉಪದೇಶಿ ಇನಾಸರು ‘ಪವಿತ್ರಾತ್ಮನ ನಾಮದಲ್ಲಿ’ ಎಂದು ಮಂತ್ರ ಮುಗಿಸುವುದಕ್ಕೂ, ಸೊಸೆ ದೀಕ್ಷಿತಾ ಔಷಧದ ಚೀಲ ಹಿಡಿದು ವಾರ್ಡಿನ ಬಾಗಿಲಲ್ಲಿ ಕಾಣಿಸಿಕೊಳ್ಳುವುದಕ್ಕೂ ಸರಿಹೋಯಿತು.

“ಎಂತ ಮಾಡ್ತಾ ಇದ್ರಿ ಮಾವ?”

“ಮಾಡಿ ಆಯ್ತು.” ಇನಾಸರು ಲೋಟವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟರು. “ಪಾದ್ರಿಗಳು ಶಿರಸಿಯಿಂದ ಬರೋವರೆಗೆ ಕಾಯೂಕಾಗ್ತದಾ? ಜೀವಕ್ಕೆ ಬಂದಾಗ ಯಾರು ಬೇಕಾದ್ರೂ ಜ್ಞಾನಸ್ನಾನ ಕೊಡ್ಬಹುದು.”

ಸಿದ್ದಾಪುರದ ಆಸ್ಪತ್ರೆಯ ಆ ಕಬ್ಬಿಣದ ಮಂಚದ ಮೇಲೆ ಏಳು ವರ್ಷದ ಜೆನಿಶಾ ಕಣ್ಣು ಮುಚ್ಚಿ ಮಲಗಿದ್ದಳು. ರಜೆಗೆಂದು ಗೋವೆಯಿಂದ ಅಜ್ಜನ ಮನೆಗೆ ಬಂದವಳಿಗೆ, ಕಾಡಿನ ಉಣ್ಣೆಹುಳ ಕಚ್ಚಿ ಬರುವ ಮಂಗನ ಕಾಯಿಲೆ ತಗುಲಿತ್ತು. ವಸಡಿನಿಂದ ರಕ್ತ ಒಸರುವುದು ನಿಂತಿರಲಿಲ್ಲ. ಮಣಿಪಾಲಕ್ಕೆ ಒಯ್ಯುವ ಆಂಬುಲೆನ್ಸಿನ ದಾರಿ ಕಾಯುತ್ತ ಅವಳ ಅಪ್ಪ ಸಂತಾನ ಗೇಟಿನ ಬಳಿ ನಿಂತಿದ್ದ. ಅಲ್ಲಿಯವರೆಗೆ ಹುಡುಗಿ ತಡೆದಾಳೆಂಬ ಭರವಸೆಯನ್ನು ಡಾಕ್ಟರು ಕೊಟ್ಟಿರಲಿಲ್ಲ.

“ಎಂಟು ತುಂಬದ ಮಕ್ಕಳಲ್ಲಿ ಪಾಪ ಇಲ್ಲ, ಅವರಿಗೆ ಸ್ನಾನ ಬೇಡ ಅಂತ ನಮ್ಮ ಸಭೆಯಲ್ಲಿ ಹೇಳ್ತಾರೆ. ನಿಮಗದು ಗೊತ್ತಿತ್ತು.” ದೀಕ್ಷಿತಾ ಔಷಧದ ಚೀಲವನ್ನು ಮಂಚದ ಮೇಲಿಟ್ಟಳು. “ಗೊತ್ತಿದ್ದೂ ನೀರು ಹೊಯ್ದು ನನ್ನ ಮಗಳನ್ನ ಪಾಪಿ ಅಂದ್ರಿ.”

ಯಲ್ಲಾಪುರ, ಸಿದ್ದಾಪುರಗಳ ಮಕ್ಕಳಿಗೆ ಒಂದು ಆಯುಷ್ಯವಿಡೀ ಕಥೋಲಿಕ ಧರ್ಮೋಪದೇಶ ಕಲಿಸಿದವರು ಇನಾಸರು. ಪಿತ, ಸುತ, ಪವಿತ್ರಾತ್ಮ ಮೂವರೂ ಒಬ್ಬನೇ ದೇವರು, ಆ ದೈವಕ್ಕೆ ದೇಹವಿಲ್ಲ ಎಂಬುದು ಅವರ ಬದುಕಿನ ಅಡಿಗಲ್ಲು. ಮಗ ಸೊಸೆಯರು ಗೋವೆಯಲ್ಲಿ ಸೇರಿದ, ಅಮೆರಿಕದಿಂದ ಬಂದ ಮಾರ್ಮನ್ ಕ್ರೈಸ್ತ ಸಭೆಯವರಾದರೋ, ಆ ಮೂವರೂ ಬೇರೆ ಬೇರೆ, ಪಿತನಿಗೆ ನಮ್ಮಂತೆಯೇ ಮಾಂಸ ಮೂಳೆಗಳ ಮೈಯಿದೆ ಎನ್ನುವವರು. ಆ ಗಾಯ ಇನಾಸರಲ್ಲಿ ಮಾಯದೆ ಉಳಿದಿತ್ತು.

“ಎಂಟು ತುಂಬಿದ ಮೇಲೆ ನೀವು ಮುಳುಗಿಸಿ ತೆಗೆದ್ರೂ ಅದು ಬರೀ ಮೀಯೋದು,” ಎಂದರು. “ಹೆಸರು ಅದೇ ಮೂರು, ಹೌದು. ಹೆಸರಿನ ಹಿಂದಿರೋ ದೇವರೇ ಬೇರೆ. ರೋಮಿನಲ್ಲಿ ಅದು ಸ್ನಾನವೇ ಅಲ್ಲ ಅಂದುಬಿಟ್ಟಿದಾರೆ. ತವರೂರು ಮನ್ಮನೆಯಲ್ಲಿ ಕೈಕಾಲಿರೋ ದೇವರುಗಳನ್ನ ಬಿಟ್ಟು ಬಂದವಳು ನೀನು, ಗೋವೆಗೆ ಹೋಗಿ ಮತ್ತೊಬ್ಬ ಕೈಕಾಲಿರೋನನ್ನೇ ಹುಡುಕಿದೆ. ಅದಕ್ಕೆ ಘಟ್ಟ ಇಳಿಯೋದು ಯಾಕೆ ಬೇಕಿತ್ತು ಮಾರಾಯ್ತಿ?”

“ಕೈ ಇರೋನಿಗೆ ಮಗುನ್ನ ಎತ್ಕೊಳ್ಳೂಕೆ ಬರ್ತದೆ ಮಾವ. ನಿಮ್ಮದು ಬರೀ ಗಾಳಿ. ಗಾಳಿಯ ಮಡಿಲಲ್ಲಿ ಹ್ಯಾಂಗೆ ಮಲಗಿಸ್ಲಿ ಇವಳನ್ನ?”

“ಕೈ ಅಂದ ಮೇಲೆ ಅದು ಎಟುಕದ ಜಾಗವೊಂದು ಇರ್ತದೆ. ಕಣ್ಣು ಅಂದ ಮೇಲೆ ಅದಕ್ಕೆ ಕಾಣದ್ದೊಂದು ಇರ್ತದೆ. ಅಂಥವನು ದೊಡ್ಡ ಮನುಷ್ಯ ಆದಾನು, ದೇವರಾಗ್ಲಾರ. ದೇವರಿಗೆ ಕೈಯಿಲ್ಲ, ಕಾಲಿಲ್ಲ, ಕಣ್ಣಿಲ್ಲ!” ಪಕ್ಕದ ಮಂಚದ ಮುದುಕಿ ಬೆಚ್ಚಿ ತಿರುಗಿ ನೋಡುವಷ್ಟು ಅವರ ಸ್ವರ ಏರಿತ್ತು.

ದೀಕ್ಷಿತಾ ಸೆರಗಿನ ತುದಿಯಿಂದ ಮಗಳ ಹಣೆಯನ್ನು ಒರೆಸಿದಳು. ಒಣಗಿದ ಮೇಲೂ ಒರೆಸಿದಳು. ಒಮ್ಮೆ ಬಿದ್ದ ಜ್ಞಾನಸ್ನಾನದ ಮುದ್ರೆಯನ್ನು ಯಾರೂ ಅಳಿಸಲಾರರೆಂಬುದು ಇನಾಸರಿಗೆ ಕಂಠಪಾಠ. ಆದರೂ ಆ ಸೆರಗು ಆಡುತ್ತಿದ್ದಷ್ಟು ಹೊತ್ತು ಅವರು ಆ ಹಣೆಯಿಂದ ಕಣ್ಣು ಕೀಳಲಿಲ್ಲ.

ಹುಡುಗಿ ಕಣ್ಣು ತೆರೆದಳು. ಎಲ್ಲವನ್ನೂ ಕೇಳಿಸಿಕೊಂಡಿದ್ದಳೆಂದು ತೋರುತ್ತದೆ.

“ಅಜ್ಜಾ... ನಿಮ್ಮ ದೇವರಿಗೆ ಕಣ್ಣಿಲ್ಲ, ಅಲ್ಲಾ?”

ಇನಾಸರ ಮುಖ ಬೆಳಗಿತು. “ಇಲ್ಲ ಪುಟ್ಟಾ. ಸರಿಯಾಗಿ ಹೇಳ್ದೆ, ಜಾಣೆ.”

“ಹಂಗಾದ್ರೆ ನಂಗೆ ಆ ದೇವರೇ ಇರ್ಲಿ.” ಉಸಿರು ಎಳೆದುಕೊಳ್ಳಲು ಅವಳು ತಡೆದಳು. “ಉಣ್ಣೆ ಕಚ್ಚಿದ್ದು ಅಮ್ಮಂಗೆ ನಾ ಹೇಳಿಲ್ಲ. ಬೈತಾಳೆ ಅಂತ ಕಿತ್ತು ಒಗೆದುಬಿಟ್ಟೆ. ಅಮ್ಮನ ದೇವರಾದ್ರೆ ನೋಡಿರ್ತಾನೆ.”

ಧರ್ಮೋಪದೇಶದಲ್ಲಿ ಇದರ ಮುಂದಿನ ಪ್ರಶ್ನೆಯೇ ಅದು: ದೇಹವಿಲ್ಲದ ದೇವರು ನಮ್ಮನ್ನು ಕಾಣುವನೇ? ಕಾಣುವನು, ಕತ್ತಲಲ್ಲಿ ಮಾಡಿದ್ದನ್ನೂ ಮನದಲ್ಲಿ ಮುಚ್ಚಿಟ್ಟದ್ದನ್ನೂ ಕಾಣುವನು. ಎಷ್ಟೋ ಮಕ್ಕಳ ಬಾಯಲ್ಲಿ ಹೇಳಿಸಿದ ಆ ಉತ್ತರ ಇನಾಸರ ನಾಲಗೆಯ ಮೇಲೆ ಬಂದು ನಿಂತಿತು. ಆಡಲೂ ಆರದೆ, ಅಲ್ಲವೆನ್ನಲೂ ಆರದೆ ಅವರು ಸೊಸೆಯ ಮುಖ ನೋಡಿದರು.

ದೀಕ್ಷಿತಾ ಮಗಳ ಕೆನ್ನೆಗೆ ಕೆನ್ನೆಯೊತ್ತಿ ಬಾಗಿದ್ದಳು.

“ನನ್ನ ದೇವರೂ ನೋಡ್ಲಿಲ್ಲ ಮಗಾ,” ಎಂದಳು. “ಯಾರೂ ನೋಡ್ಲಿಲ್ಲ.”