ಬಾಲರಾಜನ ರೇಜರ್

ಗಂಡ ಬಾಲರಾಜನ ರೇಜರ್ ಹಿಡಿದು ಸ್ವಾತಿ ಬಚ್ಚಲಲ್ಲಿ ಕೂತಿದ್ದಳು. ತುಂಬಿದ ಹೊಟ್ಟೆಯ ಆಚೆ ಏನೂ ಕಾಣುತ್ತಿರಲಿಲ್ಲ. ನಾಳೆ ಹೆರಿಗೆಗೆ ಜಹೀರಾಬಾದಿನ ಆಸ್ಪತ್ರೆಗೆ ಹೋಗಬೇಕು. ಕೆಳಗಿನ ಕೂದಲು ತೆಗೆಯದೆ ಹೋದರೆ ನರ್ಸ್ ಬೈಯುತ್ತಾಳೆಂದು ಪಕ್ಕದ ಮನೆಯವಳು ಹೆದರಿಸಿದ್ದಳು. ಸ್ವಾತಿಗೆ ತಾಯಿಯಿಲ್ಲ. ನಾಚಿಕೆ ನುಂಗಿಕೊಂಡು ಅಗಳಿ ತೆಗೆದು ಅತ್ತೆಯನ್ನು ಕರೆದಳು.

“ಅತ್ತಿ, ನನಗ ಕಾಣವಲ್ದ್ರಿ. ನೀವೇ ತೆಗಿರಿ.”

ಲಕ್ಷ್ಮಿಬಾಯಿ ವರ್ಷವರ್ಷವೂ ಕುರಿಗಳ ಉಣ್ಣೆ ಕತ್ತರಿಸುವವಳು. ಒಂದಕ್ಕೂ ಗಾಯ ಮಾಡಿದವಳಲ್ಲ. ರೇಜರ್ ತೆಗೆದುಕೊಂಡು ಅಲುಗನ್ನು ದಿಟ್ಟಿಸಿದಳು. ಆಮೇಲೆ ಬಗ್ಗಿ, ಸೊಸೆಯ ನೈಟಿಯನ್ನು ಪಾದದವರೆಗೆ ಎಳೆದು ಮುಚ್ಚಿದಳು.

“ಗಬ್ಬದ ಕುರಿಗಿ ನಾ ಎಂದೂ ಕತ್ತರಿ ಹಚ್ಚಿಲ್ಲ. ನಿನಗ ಹಚ್ಚತೀನೇನು?”

“ನರ್ಸ್ ಬೈದ್ರ?”

“ನನಗ ಬೈಲಿ. ದವಾಖಾನಿ ಬಾಗಲದಾಗ ನಾನೇ ಕೂತಿರ್ತೀನಿ.”

ಸ್ವಾತಿಗೆ ಅಳುವಿನ ಜೊತೆಗೇ ನಗು ಬಂತು. ಹೊರಗೆ ಬಾಲರಾಜ ಕಾಯುತ್ತಿದ್ದ. ಹೆಂಡತಿ ಬಸುರಾದಾಗಿನಿಂದ ಮನೆಯ ಪದ್ಧತಿಯಂತೆ ಬಿಟ್ಟಿದ್ದ ಗಡ್ಡ ಕೊರಳು ಮುಚ್ಚಿತ್ತು. ಲಕ್ಷ್ಮಿಬಾಯಿ ರೇಜರನ್ನು ಅವನ ಕೈಗಿಟ್ಟಳು.

“ಜ್ವಾಕಿ ಇಡು. ಕೂಸು ಬಂದ ಕೂಡ್ಲೆ ಮೊದಲ ನಿನ್ನ ಬೋಳಸ್ತೀನಿ. ಇಲ್ಲಂದ್ರ ಅಪ್ಪನ್ನ ನೋಡಿ ಹೋತ ಅಂತ ಅಂಜೀತು.”