ಸಾಕಿದ ದನಿ

"ಎರಡೂ ರೆಕ್ಕೆ ಕತ್ತರಿಸಿದ್ಯಾ?" ಕೆರೆಯ ದಂಡೆಯಲ್ಲಿ ಕುಕ್ಕರಗಾಲಲ್ಲಿ ಕೂತು ನೀರಿನಲ್ಲಿದ್ದ ಬಾತುಗಳನ್ನು ನೋಡುತ್ತಿದ್ದ ಮಾಲಿ ಹೆಂಡತಿಯನ್ನು ಕೇಳಿದ. ಜ್ವರದಿಂದ ಎದ್ದವನಿಗೆ ದನಿಯೇ ಹೊರಡುತ್ತಿರಲಿಲ್ಲ.

"ನೀವು ಮಲಗಿದ್ರಿ. ಹೊಸ ಗರಿ ಬಂದಿತ್ತು. ಒಂದೇ ಕಡೆ ತುದಿ ಕತ್ತರಿಸಿದ್ರೆ ಸೊಟ್ಟ ಕಾಣ್ತಿತ್ತು, ಸಮ ಮಾಡಿದೆ."

"ಸೊಟ್ಟಾಗ್ಲಿ ಅಂತಾನೇ ಕಣೇ ಒಂದು ಕಡೆ ಕತ್ತರಿಸೋದು. ಆಗ ತೂಕ ತಪ್ಪಿ ಹಾರಕ್ಕಾಗಲ್ಲ. ಸಮ ಮಾಡೋಕೆ ಅವಕ್ಕೇನು ಜಡೆ ಹಾಕ್ತಿದ್ಯಾ?"

ಯಜಮಾನರ ಬಂಗಲೆಯ ಕೊಳದಲ್ಲಿ ಅಂದಕ್ಕೆಂದು ಸಾಕಿದ ಬಣ್ಣದ ಬಾತುಗಳ ಜೋಡಿ ಅದು. ಗೋಡೆ ಹಾರಿ ಬಂದು ಈ ಕೆರೆಯ ಕಾಡುಬಾತುಗಳ ಜೊತೆ ಸೇರಿಕೊಂಡಿತ್ತು. ಯಜಮಾನರು ಬರುವುದು ನಾಳೆ. ಬಾತು ಇಲ್ಲವೆಂದರೆ ಕೆಲಸವಿಲ್ಲ. ಕೆಲಸವಿಲ್ಲವೆಂದರೆ ಬಂಗಲೆಯ ಹಿಂದೆ ಇವರಿಗೆ ಕೊಟ್ಟ ಆ ಒಂದು ಕೋಣೆಯೂ ಇಲ್ಲ.

"ಕರಿ. ಕಾಳು ಹಾಕಿದ ಕೈ ನಿಂದು, ನಿನ್ನ ದನಿಗೆ ಬರ್ತಾವೆ."

"ಬಾ ಚಿನ್ನಾ, ಬಾ ಬಾ..." ಬೆಳಿಗ್ಗೆಯಿಂದ ಕರೆದು ಅವಳ ಗಂಟಲು ಒಣಗಿತ್ತು. ಈ ಸಲ ಗಂಡು ಕತ್ತೆತ್ತಿತು. ಮಾಸಲು ಗುಂಪನ್ನು ಬಿಟ್ಟು ಇತ್ತ ಈಜತೊಡಗಿತು. ಹಿಂದೆ ಹೆಣ್ಣು.

"ಬಾ ಚಿನ್ನಾ, ಬಾ ಬಾ."

ಗಂಡಸಿನ ದನಿ. ಜೊಂಡಿನ ನಡುವೆ ಮೊಣಕಾಲು ನೀರಿನಲ್ಲಿ ಒಬ್ಬ ನಿಂತಿದ್ದ. ಹೆಗಲ ಮೇಲೆ ಬಲೆ, ಅಂಗೈಯಲ್ಲಿ ಕಾಳು. ಇವಳು ಕರೆಯುವುದನ್ನು ಕೇಳಿ ಕೇಳಿ ರಾಗವನ್ನೂ ಕಲಿತುಬಿಟ್ಟಿದ್ದ.

"ಅಣ್ಣಾ, ಅವು ಸಾಕಿದವು."

"ಕೆರೇಲಿರೋದೆಲ್ಲ ಕೆರೇದೇ ಅಕ್ಕಾ. ರಾತ್ರಿ ಸಾರಲ್ಲಿ ಬೆಂದ ಮೇಲೆ ಬಣ್ಣ ಯಾರು ನೋಡ್ತಾರೆ?" ಎಂದು ನಕ್ಕು, ನೀರಿಗೆ ಕಾಳು ಎಸೆದ.

ಬಾತುಗಳು ಅತ್ತ ತಿರುಗಿದವು. ಹಸಿದ ಹೊಟ್ಟೆ ದನಿಯ ಗುರುತನ್ನು ಎಷ್ಟು ಹೊತ್ತು ಇಟ್ಟುಕೊಂಡೀತು? ಕಾಡುಬಾತುಗಳು ಮಾತ್ರ ಇದ್ದಲ್ಲೇ ಇದ್ದವು.

"ಜೋರಾಗಿ ಕರಿಯೇ," ಮಾಲಿ ಎದ್ದು ನಿಂತ.

ಅವಳು ಕರೆದಳು. ಬಲೆಯವನೂ ಕರೆದ. ಅವನು ಹತ್ತಿರವಿದ್ದ. ಬಲೆ ಹೆಗಲಿನಿಂದ ಮೆಲ್ಲಗೆ ಜಾರಿತು.

ಅವಳು ಬಗ್ಗಿ ಕಲ್ಲೆತ್ತಿಕೊಂಡಳು.

"ಏಯ್, ಏನ್ ಮಾಡ್ತೀಯೆ?"

ಕಲ್ಲು ಗಂಡುಬಾತಿನ ಕೊರಳ ಪಕ್ಕದಲ್ಲೇ ಬಿತ್ತು. ಇನ್ನೊಂದು, ಹೆಣ್ಣಿನ ಬೆನ್ನು ಸವರಿಕೊಂಡು ಹೋಯಿತು. ಕೆರೆಗೆ ಕೆರೆಯೇ ಎದ್ದಂತೆ ಹಕ್ಕಿಗಳೆಲ್ಲ ಮೇಲೆದ್ದವು. ಮಾಸಲು ರೆಕ್ಕೆಗಳ ನಡುವೆ ಎರಡು ಬಣ್ಣದ ಚುಕ್ಕೆಗಳು ಮರಗಳಾಚೆ ಮರೆಯಾದವು.

ಬಲೆಯವನು ಉಗಿದು ಹೊರಟ. ಮಾಲಿ ಕೂತ ಜಾಗದಲ್ಲೇ ಮತ್ತೆ ಕುಸಿದ.

"ಇನ್ನು ನೀನು ಕರೆದ್ರೂ ಬರಲ್ಲ."

ಅವಳು ಕೈಯ ಕೆಸರನ್ನು ಸೆರಗಿಗೆ ಒರೆಸಿಕೊಂಡಳು.

"ಬರಬಾರದು."